"ಹುಳಾ ತಂದೀನ್ರಿ ಡಾಕ್ಟ್ರ, ನೋಡ್ರಿ"

ಮನೋವೈದ್ಯರ ಟೇಬಲ್ ಮೇಲೆ ಏನೇನು ಬಂದು ಕೂರುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಬೆಂಕಿಪೊಟ್ಟಣ, ಗುಳಿಗೆಯ ಖಾಲಿ ಡಬ್ಬಿ, ಸೆಲೋಟೇಪ್ ಅಂಟಿಸಿದ ಕಾಗದ. ಈಗೀಗ ಮೊಬೈಲಿನಲ್ಲಿ ಜೂಮ್ ಮಾಡಿ ತೆಗೆದ ಫೋಟೊ. ಬಿಚ್ಚಿ ನೋಡಿದರೆ ಒಣಗಿದ ಚರ್ಮದ ಚೂರು, ಸೀರೆಯ ನೂಲು, ಕೂದಲು, ಧೂಳು. "ಹುಳಾ ತಂದೀನ್ರಿ ಡಾಕ್ಟ್ರ, ನೋಡ್ರಿ. ತೊಗಲಿನ ಒಳಗ ಹರದಾಡ್ತಾವ. ರಾತ್ರಿ ತತ್ತಿ ಇಡ್ತಾವ."

ನಾನು ಕೆಲಸ ಮಾಡುವುದು ವಿಜಯಪುರದಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಆ ಕಡೆ ಬಾಗಲಕೋಟೆಯಿಂದಲೂ ರೋಗಿಗಳು ಬರುತ್ತಾರೆ. ಹುಳದ ದೂರು ತರುವವರಲ್ಲಿ ನಡುವಯಸ್ಸು ದಾಟಿದ ಹೆಂಗಸರು ಜಾಸ್ತಿ. ಬುದ್ಧಿ ಚುರುಕಾಗಿಯೇ ಇರುತ್ತದೆ. ಮನೆ ಖರ್ಚು, ಹೈನದ ದುಡ್ಡು, ಮಗನ ಸಾಲ ಎಲ್ಲದರ ಲೆಕ್ಕ ಸರಿಯಾಗಿ ಹೇಳುತ್ತಾರೆ. ಹುಳದ ವಿಷಯ ಬಂದಾಗ ಮಾತ್ರ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಸ್ವೀಡನ್ನಿನ ನರವೈದ್ಯ ಎಕ್‌ಬೊಮ್ 1938ರಲ್ಲಿ ಇಂಥ ರೋಗಿಗಳ ಬಗ್ಗೆ ವಿವರವಾಗಿ ಬರೆದ. ಹಾಗಾಗಿ ಇಲ್ಲದ ಹುಳ ಮೈಯಲ್ಲಿದೆ ಎಂದು ಗಟ್ಟಿಯಾಗಿ ನಂಬುವ ಈ ಭ್ರಮೆಗೆ ಅವನ ಹೆಸರೂ ಇದೆ. ಹುಳ ಹಿಡಿದು ಡಬ್ಬಿಯಲ್ಲಿ ತರುವ ಅಭ್ಯಾಸವನ್ನು ವೈದ್ಯರು 'ಬೆಂಕಿಪೊಟ್ಟಣದ ಲಕ್ಷಣ' ಎನ್ನುತ್ತಾರೆ. (ಇಲ್ಲಿ ನಾನು ಹೇಳುವುದು ಯಾವ ಒಬ್ಬ ರೋಗಿಯ ಕಥೆಯೂ ಅಲ್ಲ. ಹಲವರಲ್ಲಿ ಕಂಡದ್ದನ್ನು ಸೇರಿಸಿ ಬರೆದಿದ್ದೇನೆ.)

ಇಷ್ಟು ಕೇಳಿದ ಕೂಡಲೇ ಒಬ್ಬರು "ತಲಿ ಕೆಟ್ಟೈತಿ" ಎನ್ನುತ್ತಾರೆ. ಇನ್ನೊಬ್ಬರು "ಯಾರೋ ಮಾಟಾ ಮಾಡಿಸ್ಯಾರ" ಎನ್ನುತ್ತಾರೆ. ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಇಬ್ಬರೂ ಚರ್ಮ ನೋಡಿಲ್ಲ.

ಕಜ್ಜಿಯನ್ನೇ ತೆಗೆದುಕೊಳ್ಳಿ. ಕಜ್ಜಿಯ ಹುಳ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದು ನಿಜವಾಗಿಯೂ ಚರ್ಮದಲ್ಲಿ ಸುರಂಗ ಕೊರೆಯುತ್ತದೆ, ಅಲ್ಲೇ ತತ್ತಿ ಇಡುತ್ತದೆ. ತುರಿಕೆ ರಾತ್ರಿಯೇ ಜಾಸ್ತಿ. ಅಂದರೆ ಮೇಲೆ ಆ ಹೆಣ್ಣುಮಗಳು ಹೇಳಿದ ಮಾತು ಅಕ್ಷರಕ್ಕಕ್ಷರ ನಿಜ ಇರಬಹುದು, ಅಲ್ವಾ? ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ನೋಡದೆ ಅವಳಿಗೆ ಮಾನಸಿಕ ಕಾಯಿಲೆಯ ಚೀಟಿ ಅಂಟಿಸುವುದು ಅನ್ಯಾಯ. ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದ್ದರೆ ಕಜ್ಜಿಯ ಅನುಮಾನ ಗಟ್ಟಿಯಾಗುತ್ತದೆ. ಆಗ ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಟ್ಟಿಗೆ ಹಚ್ಚಬೇಕು. ಒಬ್ಬರೇ ಹಚ್ಚಿಕೊಂಡರೆ ಪ್ರಯೋಜನ ಇಲ್ಲ.

ಹುಳ ಇಲ್ಲದಿದ್ದರೂ ಹರಿದಾಡಿದ ಹಾಗೆ ಆಗುವುದಕ್ಕೆ ದೇಹದಲ್ಲೇ ಕಾರಣ ಇರಬಹುದು. ಬಿ12 ಕೊರತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇವನ್ನೆಲ್ಲ ರಕ್ತ ಪರೀಕ್ಷೆಯಲ್ಲಿ ನೋಡುತ್ತೇವೆ. ದಿನವೂ ಕುಡಿಯುವವನು ಏಕಾಏಕಿ ಬಿಟ್ಟರೆ ಎರಡನೇ, ಮೂರನೇ ದಿನ ಕೈ ನಡುಗಿ, ಮೈಮೇಲೆ ಇರುವೆ ಹರಿದ ಹಾಗಾಗಿ, ಗೋಡೆಯ ಮೇಲೆ ಹುಳ ಕಾಣಬಹುದು. ಆಗ ಕ್ಲಿನಿಕ್ ಹುಡುಕುತ್ತ ಕೂರಬೇಡಿ. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ, ಜೀವಕ್ಕೇ ಅಪಾಯ ಇದೆ.

ನಮ್ಮ ನೆಲಕ್ಕೆ ಹತ್ತಿರದ ಇನ್ನೊಂದು ಕಾರಣ ಪೆಲಾಗ್ರ. ಇದು ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯಿಂದ ಬರುತ್ತದೆ. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಆಗುತ್ತದೆ, ಕೊನೆಗೆ ಮನಸ್ಸೂ ಕದಡುತ್ತದೆ. ಬರೀ ಜೋಳದ ಮೇಲೆ ಬದುಕುವ ದಖ್ಖನ್ನಿನ ಬಡವರಲ್ಲಿ ಈ ರೋಗವನ್ನು ಹೈದರಾಬಾದಿನ ಪೌಷ್ಟಿಕಾಂಶ ವಿಜ್ಞಾನಿಗಳು 1960ರ ದಶಕದಲ್ಲೇ ಗುರುತಿಸಿದ್ದರು. ಹಾಗಂತ ರೊಟ್ಟಿ ಬಿಡಬೇಡಿ. ಜತೆಗೆ ಬೇಳೆ, ಹಾಲು, ಶೇಂಗಾ ಹಿಂಡಿ (ಚಟ್ನಿಪುಡಿ) ಇದ್ದರೆ ಕೊರತೆ ಬರುವುದಿಲ್ಲ. ಶೇಂಗಾದಲ್ಲಿ ನಯಾಸಿನ್ ಧಾರಾಳ. ಈಗ ಪೆಲಾಗ್ರ ಕಡಿಮೆಯಾಗಿದೆ. ಊಟ ಬಿಟ್ಟು ಕುಡಿಯುವವರಲ್ಲಿ ಮಾತ್ರ ಇವತ್ತಿಗೂ ಅದನ್ನು ಹುಡುಕಿ ನೋಡುತ್ತೇನೆ.

ಇದೆಲ್ಲ ಇಲ್ಲ ಎಂದಾದ ಮೇಲೆ ಉಳಿಯುವುದು ಮನಸ್ಸಿನ ಹುಳ. ಆದರೆ ಅದರ ಕೆಡುಕು ಮನಸ್ಸಿಗಷ್ಟೇ ಅಲ್ಲ. ಹುಳ ಸಾಯಲಿ ಎಂದು ಸೀಮೆಎಣ್ಣೆ ಹಚ್ಚಿದವರನ್ನು, ಬ್ಲೇಡಿನಿಂದ ಚರ್ಮ ಕೆರೆದವರನ್ನು ನೋಡಿದ್ದೇನೆ. ನನಗೆ ಹೆಚ್ಚು ಭಯ ಬೆಳೆಗೆ ಹೊಡೆಯುವ ಎಣ್ಣೆಯದು, ಅಂದರೆ ಕೀಟನಾಶಕದ್ದು. ದ್ರಾಕ್ಷಿ, ದಾಳಿಂಬೆ, ಹತ್ತಿ ಬೆಳೆಯುವ ಮನೆಗಳಲ್ಲಿ ಅದು ಮೂಲೆಯಲ್ಲೇ ಇರುತ್ತದೆ. ಮಕ್ಕಳ ತಲೆಯ ಹೇನಿಗೂ ಅದನ್ನೇ ಸವರುವವರಿದ್ದಾರೆ. ಚರ್ಮದ ಮೂಲಕವೇ ಅದು ರಕ್ತಕ್ಕೆ ಇಳಿಯುತ್ತದೆ. ಜೊಲ್ಲು, ಬೆವರು, ಸಾಸಿವೆ ಕಾಳಿನಷ್ಟಾದ ಕಣ್ಣಪಾಪೆ, ಆಮೇಲೆ ಉಸಿರಾಟದ ತೊಂದರೆ.

ಭ್ರಮೆಗೆ ಸಾವಿರ ರೂಪ ಸಿಗಬಹುದಾಗಿತ್ತು. ಹುಳವೇ ಯಾಕೆ? ನನಗೆ ತೋಚುವ ಉತ್ತರ ಇಷ್ಟು. ಇಲ್ಲಿಯ ಹಿರಿಯರ ನೆನಪಿನಲ್ಲಿ ಹುಳ ಬರೀ ಮಾತಾಗಿರಲಿಲ್ಲ. ಐವತ್ತು ದಾಟಿದವರನ್ನು ನಾರುಹುಣ್ಣಿನ ಬಗ್ಗೆ ಕೇಳಿ ನೋಡಿ. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದ ಕಾಲ ಅದು. ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ, ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ನೀರು ಕುಡಿದಾಗ ಏನೂ ಗೊತ್ತಾಗುವುದಿಲ್ಲ. ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಉರಿಯುವ ಬೊಬ್ಬೆ ಎದ್ದು, ಒಡೆದು, ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಬಿಳಿ ದಾರದಂಥ ಹುಳ ತಲೆ ಹಾಕುತ್ತಿತ್ತು. ಅದಕ್ಕೆ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪಸ್ವಲ್ಪ ಎಳೆಯಬೇಕು. ಅವಸರ ಮಾಡಿ ತುಂಡಾದರೆ ಕಾಲು ಬಾತು ಕೀವಾಗುತ್ತಿತ್ತು. ಉರಿ ತಾಳದೆ ಅದೇ ಬಾವಿಯ ನೀರಿಗೆ ಕಾಲಿಟ್ಟರೆ ಹುಳ ಅಲ್ಲೇ ಮರಿ ಬಿಡುತ್ತಿತ್ತು.

ಯೋಚನೆ ಮಾಡಿ. ಯಾವಾಗಲೋ ಗೊತ್ತಿಲ್ಲದೆ ಒಳಗೆ ಹೋದದ್ದು, ವರ್ಷ ಸುಮ್ನೆ ಇದ್ದು, ಆಮೇಲೆ ಮೈ ಒಡೆದು ಹೊರಗೆ ಬರುತ್ತದೆ. ಇದನ್ನು ಶಾಪ ಎನ್ನದೆ ಇನ್ನೇನು ಅಂದುಕೊಳ್ಳಬೇಕಿತ್ತು ಜನ? ನಾರುಹುಣ್ಣನ್ನು ಓಡಿಸಿದ್ದು ಬಟ್ಟೆಯಲ್ಲಿ ನೀರು ಸೋಸುವ ಅಭ್ಯಾಸ, ಬಾವಿಗೆ ಹಾಕಿದ ಔಷಧಿ, ಮೆಟ್ಟಿಲು ಮುಚ್ಚಿದ್ದು, ಬೋರಿನ ನೀರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ರೋಗ ಹೋಯಿತು. ಮೈಯೊಳಗೆ ಯಾರೋ ವಾಸ ಮಾಡುತ್ತಾರೆ ಎಂಬ ಅಂಜಿಕೆ ಅಷ್ಟು ಬೇಗ ಹೋಗಲಿಲ್ಲ.

ಆ ಅಂಜಿಕೆಯ ಮೇಲೆ ವ್ಯಾಪಾರವೂ ನಡೆಯುತ್ತದೆ. ಸಂತೆಯಲ್ಲಿ ಹಲ್ಲಿನ ಹುಳ ತೆಗೆಯುವವರು, "ಮದ್ದು ಹಾಕ್ಯಾರ" ಎಂದು ವಾಂತಿ ಮಾಡಿಸಿ ಅದರಲ್ಲಿ ಕೂದಲು, ಹುಳ ತೋರಿಸುವವರು ಇದ್ದಾರೆ. ಹಲ್ಲು ಹುಳುಕಾಗುವುದು ಹುಳದಿಂದ ಅಲ್ಲ, ಬ್ಯಾಕ್ಟೀರಿಯಾ ಮತ್ತು ಸಕ್ಕರೆಯಿಂದ. ಆದರೆ ಹಲ್ಲಿನ ಹುಳದ ನಂಬಿಕೆ ಬ್ಯಾಬಿಲೋನಿನಷ್ಟು ಹಳೆಯದು. ಯುರೋಪಿನಲ್ಲಿ ಹೆನ್‌ಬೇನ್ ಎಂಬ ಗಿಡದ ಬೀಜ ಸುಟ್ಟು ಬಾಯಿಗೆ ಹೊಗೆ ಕೊಡುತ್ತಿದ್ದರು. ಬಿಸಿಗೆ ಬೀಜ ಒಡೆದು ಒಳಗಿನ ಮೊಳಕೆ ಹೊರಗೆ ಬರುತ್ತದೆ, ನೋಡಲು ಥೇಟ್ ಹುಳ. ನಮ್ಮಲ್ಲಿ ಆ ಕೆಲಸಕ್ಕೆ ನೆಲಗುಳ್ಳದ ಬೀಜ ಬಳಸುತ್ತಾರೆ. ಹುಳ ಕಣ್ಣಿಗೆ ಬಿದ್ದ ಮೇಲೆ ಕೆಲವು ದಿನ ನಿಜಕ್ಕೂ ಹಗುರ ಅನಿಸುತ್ತದೆ. ಆಮೇಲೆ ನೋವು ಮರಳುತ್ತದೆ, "ಇನ್ನೊಂದು ಉಳದೈತಿ" ಎಂಬ ಮಾತೂ ಜತೆಗೆ ಬರುತ್ತದೆ, ಇನ್ನೊಂದು ಸಲ ದುಡ್ಡು ಹೋಗುತ್ತದೆ.

ಹೇನು ಒಂದು ಹುಡುಗಿಯ ಬದುಕನ್ನೇ ತಿರುಗಿಸಿದ ಇತಿಹಾಸವೂ ನಮ್ಮ ಭಾಗದಲ್ಲೇ ಇದೆ. ಹೇನು ಬಿದ್ದ ತಲೆಯನ್ನು ಬಾಚದೆ, ತೊಳೆಯದೆ ಬಿಟ್ಟರೆ ಕೂದಲು ಗಂಟುಕಟ್ಟಿ ಜಡೆಯಾಗುತ್ತದೆ. ಸವದತ್ತಿ ಎಲ್ಲಮ್ಮನ ಭಕ್ತರಲ್ಲಿ ಹಲವರು ಇದನ್ನು ತಾಯಿಯ ಕರೆ ಎಂದು ನಂಬಿದ್ದರು. ಜಡೆ ಬಂದ ಬಡವರ ಮನೆಯ ಹುಡುಗಿಯರನ್ನು ದೇವದಾಸಿ ಬಿಟ್ಟದ್ದುಂಟು. 1982ರ ಕಾನೂನು ಅದನ್ನು ನಿಷೇಧಿಸಿತು. ಗುಡ್ಡಕ್ಕೆ ಹೋಗಿ ಉಧೋ ಉಧೋ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ನಾನು ಯಾರ ಭಕ್ತಿಗೂ ಕೈ ಹಾಕುತ್ತಿಲ್ಲ. ಆದರೆ ಜಡೆ ಕಂಡಾಗ ನಾನು ಮೊದಲು ಕೇಳುವುದು ಈ ಮಗುವಿನ ತಲೆ ಬಾಚುವವರು ಮನೆಯಲ್ಲಿ ಯಾರಿದ್ದಾರೆ ಎಂದು. ದೊಡ್ಡವರಾದರೆ, ತಮ್ಮ ಕಡೆ ತಾವೇ ನೋಡಿಕೊಳ್ಳುವುದನ್ನು ಯಾವಾಗ ಬಿಟ್ಟರು ಎಂದು. ಎಷ್ಟೋ ಸಲ ಉತ್ತರದಲ್ಲಿ ವರ್ಷಗಳ ಖಿನ್ನತೆ ಇರುತ್ತದೆ.

ಇನ್ನೊಂದು ಕಡೆ, "ತಲ್ಯಾಗ ಹುಳಾ ಹೊಕ್ಕೈತಿ" ಎಂಬ ಮಾತೇ ನಿಜವಾಗುವುದೂ ಉಂಟು. ಹಂದಿಯ ಲಾಡಿಹುಳದ ತತ್ತಿ ಹೊಟ್ಟೆಗೆ ಹೋದರೆ ಮರಿ ಮಿದುಳಿಗೆ ಹೋಗಿ ಗುಳ್ಳೆಯಾಗಿ ಕೂರಬಹುದು. ಅದರಿಂದ ಫಿಟ್ಸ್ ಬರುತ್ತದೆ. ಧೊಪ್ಪನೆ ಬಿದ್ದು ಕೈಕಾಲು ಸೆಟೆದು ನೊರೆ ಬಂದವರನ್ನು ದೆವ್ವ ಎಂದು ಹೊಡೆಸಿದ್ದನ್ನು, ಆಮೇಲೆ ಸ್ಕ್ಯಾನ್ ಮಾಡಿದಾಗ ಈ ಗುಳ್ಳೆ ಕಂಡದ್ದನ್ನು ನರರೋಗದ ವೈದ್ಯರು ಯಾರೇ ಆದರೂ ಹೇಳುತ್ತಾರೆ. "ನಾವು ಮಾಂಸಾ ತಿನ್ನಂಗಿಲ್ರಿ" ಎಂದರೆ ಸಾಲದು. ಈ ತತ್ತಿ ಬರುವುದು ಮನುಷ್ಯರ ಮಲದಿಂದ, ತೊಳೆಯದ ಕೈಯಿಂದ, ತೊಳೆಯದ ಸೊಪ್ಪಿನಿಂದ. ನಾವು ರೊಟ್ಟಿ ಜತೆ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು ಹಸಿಯಾಗಿಯೇ ತಿನ್ನುವವರು. ತಿನ್ನಿ, ಚೆನ್ನಾಗಿ ತೊಳೆದು ತಿನ್ನಿ. ಇನ್ನು, ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ ವಾಮಾಚಾರ ವಿರೋಧಿ ಕಾಯ್ದೆಯಲ್ಲಿ ಅಪರಾಧ.

ನಾನು ಕುರ್ಚಿ ಮುಂದೆ ಎಳೆದುಕೊಂಡು ಕೂರುವುದು ಬೇರೆ ಮಾತು ಬಂದಾಗ. "ಬಾಯಾಗ ಹುಳಾ ಬೀಳಲಿ" ಎಂದು ಯಾವತ್ತೋ ಒಬ್ಬರು ಬೈದಿರುತ್ತಾರೆ. ಆಸ್ತಿ ಜಗಳ, ಸೊಸೆಯ ಕಣ್ಣೀರು, ಕೊಟ್ಟ ಮಾತು ತಪ್ಪಿದ್ದು, ಏನೋ ಒಂದು. ತೀವ್ರ ಖಿನ್ನತೆ ಬಂದಾಗ ಆ ಮಾತು ಎದ್ದು ಬರುತ್ತದೆ. "ನನ್ನ ಕರುಳು ಕೊಳತಾವ್ರಿ, ಒಳಗ ಹುಳಾ ಬಿದ್ದಾವ. ನಾ ಮಾಡಿದ ಪಾಪ." ಇಲ್ಲಿ ಡಬ್ಬಿ ಇರುವುದಿಲ್ಲ, ಫೋಟೊ ಇರುವುದಿಲ್ಲ. ಸಾಬೀತು ಮಾಡುವ ಹಟವೂ ಇರುವುದಿಲ್ಲ. ತನಗೆ ಇದು ತಕ್ಕದ್ದೇ ಎಂದು ಒಪ್ಪಿಕೊಂಡು ಕೂತಿರುತ್ತಾರೆ.

ಅದಕ್ಕಿಂತಲೂ ಕೆಟ್ಟದ್ದು ತಾನೇ ಹುಳ ಎನ್ನುವುದು. "ಮನಿಗೆ ನಾ ಭಾರ ಆಗೀನಿ. ಕುಂತು ತಿನ್ನಾಕತ್ತೀನಿ. ಇವರ ರಕ್ತಾ ಹೀರಾಕತ್ತೀನಿ." ಪಾರ್ಶ್ವವಾಯು ಹೊಡೆದ ಮುದುಕ, ಕೆಲಸ ಸಿಗದ ಹುಡುಗ, ಬೆಳೆ ಕೈಕೊಟ್ಟು ಸಾಲಕ್ಕೆ ಬಿದ್ದ ರೈತ, ಯಾರ ಬಾಯಲ್ಲಾದರೂ ಇದು ಬರಬಹುದು. ತಾನು ಹೊರೆ ಎಂಬ ಭಾವನೆ ಆತ್ಮಹತ್ಯೆಯ ಯೋಚನೆಗೆ ಬಹಳ ಹತ್ತಿರದ್ದು. ಮನೆಯವರು ಸಿಟ್ಟಿನಲ್ಲಿ "ತಿಂದುಂಡು ಕುಂದ್ರತಾನ" ಎಂದು ಸುಮ್ನೆ ಆಡಿದ ಮಾತು ಇಲ್ಲಿ ಸುಮ್ನೆ ಆಗಿರುವುದಿಲ್ಲ. ಹೀಗೆ ಹೇಳಿದವರನ್ನು ಸಾಯುವ ಯೋಚನೆ ಬರುತ್ತದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಯನ್ನು ಮನೆಯಿಂದ ಹೊರಗೆ, ಬೀಗದೊಳಗೆ ಇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಡಬ್ಬಿ ತಂದವರ ಚಿಕಿತ್ಸೆಯ ಬಗ್ಗೆ ಹೇಳಿ ಮುಗಿಸುತ್ತೇನೆ. "ಹುಳ ಇಲ್ಲವೇ ಇಲ್ಲ" ಎಂದು ವಾದಕ್ಕೆ ನಿಂತರೆ ಅವರು ಮತ್ತೆ ಬರುವುದಿಲ್ಲ. "ಹೌದು, ಹುಳ ಇದೆ" ಎಂದು ಹೂಂಗುಟ್ಟಿ ಮನಸ್ಸಿನ ಗುಳಿಗೆಯನ್ನು ಹುಳದ ಗುಳಿಗೆ ಎಂದು ಕೊಡುವ ವೈದ್ಯರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮುಂದೊಂದು ದಿನ ಮೆಡಿಕಲ್ ಶಾಪಿನವನೋ ಓದಿದ ಮಗಳೋ ಹೆಸರು ನೋಡಿ ಹೇಳಿಯೇ ಹೇಳುತ್ತಾರೆ. ನಾನು ತಂದದ್ದನ್ನು ಭೂತಗನ್ನಡಿಯಲ್ಲಿ ಅವರ ಎದುರೇ ನೋಡುತ್ತೇನೆ. "ಇದರಲ್ಲಿ ನನಗೆ ಹುಳ ಕಾಣಲಿಲ್ಲ. ನಿಮ್ಮ ತುರಿಕೆ ನಿಜ, ನಿದ್ದೆ ಇಲ್ಲದ್ದು ನಿಜ. ಅದಕ್ಕೆ ಔಷಧಿ ಇದೆ" ಎನ್ನುತ್ತೇನೆ. ಮನೆಯವರಿಗೂ ಇದೇ ಮಾತು. ಕೆಲವು ಮನೆಗಳಲ್ಲಿ ಗಂಡನೂ ಕೆರೆದುಕೊಳ್ಳಲು ಶುರು ಮಾಡಿರುತ್ತಾನೆ, ಒಬ್ಬರ ನಂಬಿಕೆ ಇನ್ನೊಬ್ಬರಿಗೂ ಹತ್ತುವುದುಂಟು.

ರಿಸ್ಪೆರಿಡೋನ್, ಒಲಾಂಜಪಿನ್‌ನಂಥ ಔಷಧಿಗಳನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡುತ್ತೇವೆ. ಗುಣ ಕಾಣಲು ವಾರಗಳೇ ಬೇಕು. "ಹುಳ ಇರಲೇ ಇಲ್ಲ" ಎಂದು ಬಂದು ಹೇಳುವವರು ಕಡಿಮೆ. "ಹ್ವಾದುವ್ರಿ" ಎನ್ನುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ತಿದ್ದಬೇಕಾದದ್ದು ಅದರ ಮುಂದಿನ ಮಾತನ್ನು. ಹೋದವಲ್ಲ, ಇನ್ನು ಗುಳಿಗೆ ಯಾಕೆ ಎಂದು ತಾವೇ ನಿಲ್ಲಿಸುತ್ತಾರೆ. ಸುಗ್ಗಿ, ಮದುವೆ, ಜಾತ್ರೆಯ ಗದ್ದಲದಲ್ಲಿ ಹೀಗೆ ಬಿಡುವವರು ಜಾಸ್ತಿ. ಕೆಲವು ತಿಂಗಳಿಗೆ ತುರಿಕೆ ಮರಳುತ್ತದೆ. ಹಾಗಾಗಿ ಮೊದಲ ದಿನವೇ ಮನೆಯ ಒಬ್ಬರನ್ನು ಕರೆದು, ಗುಳಿಗೆ ನಿಲ್ಲಿಸುವ ದಿನವನ್ನು ನಾನು ಹೇಳುತ್ತೇನೆ, ಅಲ್ಲಿಯವರೆಗೆ ಚೀಟಿ ಬಿಸಾಡಬೇಡಿ ಎಂದು ಹೇಳಿ ಕಳಿಸುತ್ತೇನೆ.