ನವ್ರಚಿಚ್ ತಿಬೋರ್: ಬುಡಾಪೆಸ್ಟ್‌ನಿಂದ ಬ್ರಸೆಲ್ಸ್‌ಗೆ, ಮತ್ತೆ ವಾಪಸ್

ಯುರೋಪಿಯನ್ ಒಕ್ಕೂಟದ ಪಾಠದಲ್ಲಿ ನಾನು ಜಾಸ್ತಿ ಎಡವಿದ್ದು ಒಂದೇ ಕಡೆ. ಒಕ್ಕೂಟದ ಆಡಳಿತ ನೋಡಿಕೊಳ್ಳುವುದು ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಕಮಿಷನ್, ಅದರ ಸದಸ್ಯರೇ ಕಮಿಷನರ್. ಕಮಿಷನರ್ ಅಂದರೆ ತನ್ನ ದೇಶದ ಪ್ರತಿನಿಧಿ ಅಂದುಕೊಂಡಿದ್ದೆ. ಹಾಗಲ್ಲ. ದೇಶದ ಸರ್ಕಾರ ಹೆಸರು ಸೂಚಿಸುತ್ತದೆ, ಅಷ್ಟೇ. ಕುರ್ಚಿಯಲ್ಲಿ ಕೂತ ಮೇಲೆ ಅವರು ಯಾವ ಸರ್ಕಾರದ ಮಾತನ್ನೂ ಕೇಳುವ ಹಾಗಿಲ್ಲ. ಇದು ನನಗೆ ಅರ್ಥವಾದದ್ದು ಹಂಗೇರಿಯ ತಿಬೋರ್ ನವ್ರಚಿಚ್ ಅವರ ಕಥೆಯಿಂದ. (ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು. ಅಲ್ಲಿನವರಿಗೆ ಇವರು ನವ್ರಚಿಚ್ ತಿಬೋರ್.)

ಹುಟ್ಟಿದ್ದು 1966ರಲ್ಲಿ, ವೆಸ್ಪ್ರೇಮ್ ಊರಿನಲ್ಲಿ. ಓದಿದ್ದು ಕಾನೂನು, ಆಮೇಲೆ ರಾಜ್ಯಶಾಸ್ತ್ರದ ಮೇಷ್ಟ್ರು. ಫಿದೆಸ್ ಪಕ್ಷದಿಂದ ಸಂಸತ್ತಿಗೆ ಬಂದರು. 2010ರಲ್ಲಿ ಅದೇ ಪಕ್ಷದ ನಾಯಕ ವಿಕ್ಟರ್ ಓರ್ಬಾನ್ ಗೆದ್ದು ಪ್ರಧಾನಿಯಾದಾಗ ಇವರು ಉಪಪ್ರಧಾನಿಯಾದರು, ಜೊತೆಗೆ ಆಡಳಿತ ಮತ್ತು ನ್ಯಾಯ ಖಾತೆ. ಮಾಧ್ಯಮದ ಮೇಲೆ ಸರ್ಕಾರದ ಹಿಡಿತ ಹೆಚ್ಚಿಸುತ್ತದೆ ಎಂಬ ಟೀಕೆಗೆ ಗುರಿಯಾದ ಹೊಸ ಮಾಧ್ಯಮ ಕಾನೂನು, ಹೊಸ ಸಂವಿಧಾನ ಬಂದದ್ದು ಇದೇ ಕಾಲದಲ್ಲಿ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

2014ರಲ್ಲಿ ಕೆಲವೇ ತಿಂಗಳು ವಿದೇಶಾಂಗ ಸಚಿವರಾಗಿದ್ದರು. ಅಷ್ಟರಲ್ಲಿ ಹಂಗೇರಿ ಅವರನ್ನು ಕಮಿಷನರ್ ಸ್ಥಾನಕ್ಕೆ ಸೂಚಿಸಿತು. ಕಮಿಷನ್ ಅಧ್ಯಕ್ಷ ಯುಂಕರ್ ಕೊಟ್ಟ ಖಾತೆ ಶಿಕ್ಷಣ, ಸಂಸ್ಕೃತಿ, ಯುವಜನ ಮತ್ತು ಪೌರತ್ವ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಮಿಷನರ್ ಆಗುವವರು ಮೊದಲು ಯುರೋಪಿಯನ್ ಪಾರ್ಲಿಮೆಂಟಿನ ಸಮಿತಿ ಎದುರು ಕೂರಬೇಕು. ಸುಮಾರು ಮೂರು ಗಂಟೆ ಪ್ರಶ್ನೆಗಳ ಸುರಿಮಳೆ. ಮಾಧ್ಯಮದ ಮೇಲೆ ಅಂಥ ಕಾನೂನು ತಂದ ಸರ್ಕಾರದ ನ್ಯಾಯ ಸಚಿವರಾಗಿದ್ದವರ ಕೈಗೆ ಪೌರರ ಹಕ್ಕಿನ ಖಾತೆ ಕೊಡುವುದೇ ಎಂದು ಸದಸ್ಯರು ಪಟ್ಟು ಹಿಡಿದರು. ಕಮಿಷನರ್ ಆಗಲಿ, ಈ ಖಾತೆ ಮಾತ್ರ ಬೇಡ ಎಂದಿತು ಸಮಿತಿ. ಕಾಯಿದೆ ಪ್ರಕಾರ ಪಾರ್ಲಿಮೆಂಟ್ ಒಬ್ಬರನ್ನೇ ಆರಿಸಿ ತೆಗೆಯಲು ಆಗುವುದಿಲ್ಲ. ಒಪ್ಪಿದರೆ ಇಡೀ ತಂಡವನ್ನು ಒಪ್ಪಬೇಕು, ಇಲ್ಲವೇ ಎಲ್ಲರನ್ನೂ ಬಿಡಬೇಕು. ಆ ಭಯವೇ ಅದರ ಬಲ. ಯುಂಕರ್ ಪೌರತ್ವವನ್ನು ತೆಗೆದು ಬೇರೆಯವರಿಗೆ ಕೊಟ್ಟರು. ಅಕ್ಟೋಬರ್ 22ರಂದು 423 ಮತಗಳಿಂದ ತಂಡ ಪಾಸಾಯಿತು.

ಐದು ವರ್ಷದಲ್ಲಿ ನವ್ರಚಿಚ್ ಕೈಲಿದ್ದ ದೊಡ್ಡ ಯೋಜನೆ ಎರಾಸ್ಮಸ್, ಅಂದರೆ ವಿದ್ಯಾರ್ಥಿಗಳು ಬೇರೆ ದೇಶಕ್ಕೆ ಹೋಗಿ ಓದಲು ಒಕ್ಕೂಟ ನೆರವು ಕೊಡುವ ಯೋಜನೆ. ನಮ್ಮಲ್ಲೂ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವವರು ಇದ್ದಾರಲ್ವಾ, ಅದೇ ಕುಟುಂಬದ್ದು. 18 ವರ್ಷ ತುಂಬಿದವರಿಗೆ ಯುರೋಪ್ ಸುತ್ತಲು ಪುಕ್ಕಟೆ ರೈಲು ಟಿಕೆಟ್ ಕೊಡುವ ಯೋಜನೆ 2018ರಲ್ಲಿ ಶುರುವಾದದ್ದೂ ಇವರ ಅವಧಿಯಲ್ಲೇ. ಇದರ ನಡುವೆ, 2017ರಲ್ಲಿ, ಬುಡಾಪೆಸ್ಟ್‌ನ ಸೆಂಟ್ರಲ್ ಯುರೋಪಿಯನ್ ಯೂನಿವರ್ಸಿಟಿಗೆ ಕುತ್ತು ತಂದ ಕಾನೂನಿನ ಮೇಲೆ ಇದೇ ಕಮಿಷನ್ ಹಂಗೇರಿ ವಿರುದ್ಧ ಕ್ರಮ ಶುರು ಮಾಡಿತು. ಶಿಕ್ಷಣದ ಕಮಿಷನರ್ ಹಂಗೇರಿಯವರೇ!

2022ರಲ್ಲಿ ಅವರು ಮತ್ತೆ ಓರ್ಬಾನ್ ಸಂಪುಟ ಸೇರಿದರು. ಖಾತೆ ಪ್ರಾದೇಶಿಕ ಅಭಿವೃದ್ಧಿ ಮತ್ತು ಒಕ್ಕೂಟದ ಅನುದಾನ. ಅದೇ ಡಿಸೆಂಬರ್‌ನಲ್ಲಿ, ಭ್ರಷ್ಟಾಚಾರ ತಡೆಯಲು ಸಾಕಷ್ಟು ಕ್ರಮ ಆಗಿಲ್ಲ ಎಂದು, ಒಕ್ಕೂಟ ಹಂಗೇರಿಗೆ ಬರಬೇಕಿದ್ದ ಸುಮಾರು 630 ಕೋಟಿ ಯೂರೋ ತಡೆಹಿಡಿಯಿತು. ಟ್ರಸ್ಟ್‌ಗಳ ಕೈಗೆ ಹೋಗಿದ್ದ ಯೂನಿವರ್ಸಿಟಿಗಳ ಜೊತೆ ಹೊಸ ಎರಾಸ್ಮಸ್ ಒಪ್ಪಂದವೂ ಬಂದ್. ಏನೂ ತಪ್ಪು ಮಾಡದ ವಿದ್ಯಾರ್ಥಿಗಳಿಗೆ ಬಿದ್ದ ಪೆಟ್ಟು ಇದು, ನನಗೆ ತುಂಬಾ ಬೇಜಾರಾಗುವ ಭಾಗ. ಇದನ್ನು ಬಿಡಿಸಲು ಬ್ರಸೆಲ್ಸ್ ಜೊತೆ ಮಾತಿಗೆ ಕೂತ ಸಚಿವರು, ಐದು ವರ್ಷ ಎರಾಸ್ಮಸ್ ನಡೆಸಿದ ಅದೇ ನವ್ರಚಿಚ್.

ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಒಂದು ಗೊಂದಲ ಬೇಡ. 2014ರಲ್ಲಿ ಅಡ್ಡ ನಿಂತದ್ದು ಪಾರ್ಲಿಮೆಂಟ್. 2022ರಲ್ಲಿ ಹಣ ತಡೆದದ್ದು ಕೌನ್ಸಿಲ್, ಅಂದರೆ ಸದಸ್ಯ ದೇಶಗಳ ಸಚಿವರು.