ಪದ ಪರಿಚಯ: ಪ್ರೊಪೆಲ್ಲರ್ ಓವರ್‌ಹಾಲ್ ಮತ್ತು ಬ್ಯಾಲೆನ್ಸಿಂಗ್

ಸಣ್ಣ ವಿಮಾನಗಳ ಮಾತು ಬಂದಾಗ ಈ ಎರಡು ಪದ ಸಾಮಾನ್ಯವಾಗಿ ಜೊತೆಯಲ್ಲೇ ಬರುತ್ತವೆ. ಹಾಗಾಗಿ ಒಂದನ್ನು ಮಾಡಿಸಿದರೆ ಇನ್ನೊಂದೂ ಆಯ್ತು ಅಂತ ಅಂದುಕೊಳ್ಳುವುದು ಸುಲಭ. ಆದರೆ ಎರಡೂ ಬೇರೆ ಬೇರೆ ಕೆಲಸ. ವಿಮಾನದ ಮುಂದೆ ತಿರುಗುವ ಪ್ರೊಪೆಲ್ಲರಿನ ಲೋಹ ಇನ್ನೂ ಗಟ್ಟಿಯಾಗಿದೆಯಾ ಅಂತ ನೋಡುವುದು ಓವರ್‌ಹಾಲ್. ಎಂಜಿನ್ನಿಗೆ ಕೂರಿಸಿ ತಿರುಗಿಸಿದಾಗ ಅದುರುತ್ತದಾ ಅಂತ ನೋಡಿ ಸರಿಮಾಡುವುದು ಬ್ಯಾಲೆನ್ಸಿಂಗ್.

ಮೊದಲು ಪ್ರೊಪೆಲ್ಲರಿನ ಪಾಡು ಏನು ಅಂತ ನೋಡೋಣ. ಸೆಸ್ನಾ 172 ಥರದ ವಿಮಾನದಲ್ಲಿ ಅದರ ಉದ್ದ ತುದಿಯಿಂದ ತುದಿಗೆ ಸುಮಾರು 1.9 ಮೀಟರ್. ನಿಮಿಷಕ್ಕೆ 2400 ಸುತ್ತು ತಿರುಗುವಾಗ ಬ್ಲೇಡಿನ ತುದಿ ಗಂಟೆಗೆ ಸುಮಾರು 860 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆಗ ಪ್ರತಿ ಬ್ಲೇಡನ್ನೂ ಹೊರಕ್ಕೆ ಕಿತ್ತುಕೊಂಡು ಹೋಗಲು ನೋಡುವ ಬಲ ಟನ್ನುಗಟ್ಟಲೆ. ಅದರ ಜೊತೆಗೆ ಎಂಜಿನ್ನಿನ ಒಂದೊಂದು ಸಿಲಿಂಡರ್ ಉರಿದಾಗಲೂ ಒಂದೊಂದು ಏಟು. ಇಡೀ ವಿಮಾನದಲ್ಲಿ ಇಷ್ಟು ಕಷ್ಟ ತಿನ್ನುವ ಭಾಗಗಳು ಕಡಿಮೆ.

ಇಂಥ ಬ್ಲೇಡಿನ ಮುಂದಿನ ಅಂಚಿಗೆ ರನ್‌ವೇ ಮೇಲಿನ ಒಂದು ಚಿಕ್ಕ ಜಲ್ಲಿಕಲ್ಲು ಬಡಿದು ಕಚ್ಚು ಬಿತ್ತು ಅನ್ನಿ. ಕಣ್ಣಿಗೆ ಅದು ಏನೂ ಅಲ್ಲ. ಆದರೆ ಬ್ಲೇಡಿನ ಮೇಲಿನ ಎಳೆತವೆಲ್ಲ ಆ ಕಚ್ಚಿನ ಮೂಲೆಯಲ್ಲಿ ಬಂದು ಸೇರುತ್ತದೆ. ಬಿರುಕು ಹುಟ್ಟುವುದು ಅಲ್ಲೇ. ಅದಕ್ಕೇ ಹಾರುವ ಮುಂಚೆ ಪೈಲಟ್‌ಗಳು ಬ್ಲೇಡಿನ ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತಾರೆ. ಕಚ್ಚು ಸಿಕ್ಕರೆ ಮೆಕ್ಯಾನಿಕ್ ಅದನ್ನು ಅರದಿಂದ ಉಜ್ಜುತ್ತಾರೆ. ಬರೀ ಕಚ್ಚಿನ ಜಾಗವನ್ನಲ್ಲ, ಅದರ ಎರಡೂ ಕಡೆ ಉದ್ದಕ್ಕೆ ಉಜ್ಜಿ, ಮೂಲೆಯೇ ಇಲ್ಲದ ಹಾಗೆ ಇಳಿಜಾರು ಮಾಡಿ ಪಾಲಿಶ್ ಮಾಡುತ್ತಾರೆ. ಸುತ್ತಿಗೆಯಿಂದ ತಟ್ಟಿ ಸಮ ಮಾಡುವ ಹಾಗೇ ಇಲ್ಲ.

ಓವರ್‌ಹಾಲ್‌ಗೆ ಗಡುವು ಎರಡು ಲೆಕ್ಕದಲ್ಲಿರುತ್ತದೆ, ಗಂಟೆ ಮತ್ತು ವರ್ಷ. ಹಾರ್ಟ್‌ಜೆಲ್, ಮೆಕಾಲಿ ಥರದ ತಯಾರಕರು ಮಾದರಿಗೆ ತಕ್ಕಂತೆ ಅದನ್ನು ಹೇಳಿರುತ್ತಾರೆ. ಹಲವು ಮಾದರಿಗಳಿಗೆ ಅದು 2000 ಗಂಟೆ ಹಾರಾಟದ ಆಸುಪಾಸು ಅಥವಾ 5-6 ವರ್ಷ, ಯಾವುದು ಮೊದಲೋ ಅದು. 'ವಿಮಾನ ಸುಮ್ನೆ ನಿಂತೇ ಇತ್ತು, ವರ್ಷದ ಲೆಕ್ಕ ಯಾಕೆ?' ಅಂತ ಕೆಲವರು ಕೇಳುತ್ತಾರೆ. ನಿಂತಿದ್ದಕ್ಕೇ ಬೇಕು. ಬಣ್ಣದ ಅಡಿಯಲ್ಲಿ, ಬ್ಲೇಡುಗಳನ್ನು ನಡುವೆ ಹಿಡಿದಿರುವ ಹಬ್ (hub) ಒಳಗೆ, ತೇವ ಸೇರಿದಲ್ಲೆಲ್ಲ ಲೋಹ ತಿಂದುಹೋಗುತ್ತಿರುತ್ತದೆ. ಅದು ಗಂಟೆ ಮೀಟರ್ ನೋಡಿಕೊಂಡು ಕೂರುವುದಿಲ್ಲ.

ಸುಮ್ನೆ ಉಜ್ಜಿ ಬಣ್ಣ ಬಳಿದು ಓವರ್‌ಹಾಲ್ ಆಯ್ತು ಅನ್ನುವಂತಿಲ್ಲ. ಅಮೆರಿಕದ ವಿಮಾನ ನಿಯಮಾವಳಿಯ 43.2 ಇದನ್ನು ಬಿಡಿಸಿ ಹೇಳುತ್ತದೆ. ಪೂರ್ತಿ ಬಿಚ್ಚಿರಬೇಕು, ತೊಳೆದಿರಬೇಕು, ತಪಾಸಣೆ ಆಗಿರಬೇಕು, ಬೇಕಾದ ರಿಪೇರಿ ಮಾಡಿ ಮತ್ತೆ ಜೋಡಿಸಿ ಪರೀಕ್ಷಿಸಿರಬೇಕು. ಇಷ್ಟೂ ಆಗದೆ ದಾಖಲೆಯಲ್ಲಿ ಆ ಪದ ಬರೆಯುವ ಹಾಗಿಲ್ಲ.

ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ತಪಾಸಣೆ. ಬಣ್ಣವೆಲ್ಲ ತೆಗೆದ ಅಲ್ಯೂಮಿನಿಯಂ ಬ್ಲೇಡಿಗೆ ಹೊಳೆಯುವ ಗುಣದ ಒಂದು ತೆಳು ದ್ರವ ಹಚ್ಚುತ್ತಾರೆ. ಅದು ಬಿರುಕಿನೊಳಗೆ ಇಳಿಯಲು ಸ್ವಲ್ಪ ಹೊತ್ತು ಬಿಡುತ್ತಾರೆ. ಮೇಲಿನದನ್ನು ತೊಳೆದು, ಒಳಗೆ ಉಳಿದದ್ದನ್ನು ಹೊರಗೆ ಎಳೆಯುವ ಪುಡಿ ಹಾಕಿ, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿಯುತ್ತಾರೆ. ಬಿರುಕಿದ್ದರೆ ಹಳದಿ ಹಸಿರು ಗೆರೆಯೊಂದು ಎದ್ದು ಕಾಣುತ್ತದೆ. ಬರಿಗಣ್ಣಿಗೆ ಅಲ್ಲಿ ಏನೂ ಇರಲಿಲ್ಲ! ಉಕ್ಕಿನ ಭಾಗಗಳಿಗೆ ಬೇರೆ ದಾರಿ. ಅವುಗಳಿಗೆ ಅಯಸ್ಕಾಂತ ಶಕ್ತಿ ಕೊಟ್ಟು ಕಬ್ಬಿಣದ ಕಣ ಹಾಯಿಸಿದರೆ ಕಣಗಳು ಬಿರುಕಿನ ಮೇಲೆ ಗುಂಪುಗೂಡುತ್ತವೆ.

ಲೋಹ ತಿಂದುಹೋದ ಗುಂಡಿ ಕಂಡರೆ ಅದರ ತಳದವರೆಗೂ ಉಜ್ಜಿ ತೆಗೆಯಬೇಕು. ಆಮೇಲೆ ಬ್ಲೇಡಿನ ಅಗಲ, ದಪ್ಪ ಅಳೆಯುತ್ತಾರೆ. ತಯಾರಕರು ಹೇಳಿದ ಕನಿಷ್ಠ ಅಳತೆಗಿಂತ ಕಡಿಮೆಯಾದರೆ ಆ ಬ್ಲೇಡ್ ಗುಜರಿಗೆ. ಮಾಲೀಕರಿಗೆ ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಬ್ಲೇಡನ್ನು ತಿರಸ್ಕರಿಸುವ ಧೈರ್ಯ ಇರುವ ವರ್ಕ್‌ಶಾಪೇ ಒಳ್ಳೆಯದು. ಸೀಲುಗಳನ್ನು ಹೊಸದಾಗಿ ಹಾಕಿ, ಬ್ಲೇಡಿನ ಕೋನ ಹೊಂದಿಸಿ, ಜೋಡಿಸಿ ಬಣ್ಣ ಹಚ್ಚುತ್ತಾರೆ.

ಅಲ್ಲೇ ಸ್ಟ್ಯಾಟಿಕ್ ಬ್ಯಾಲೆನ್ಸಿಂಗ್, ಅಂದರೆ ಎಂಜಿನ್ನಿಗೆ ಕೂರಿಸದೆ ಮಾಡುವ ಬ್ಯಾಲೆನ್ಸಿಂಗ್ ಕೂಡ ನಡೆಯುತ್ತದೆ. ಗಾಳಿ ಆಡದ ಕೋಣೆಯಲ್ಲಿ, ಚೂಪು ಅಂಚಿನ ಎರಡು ಪಟ್ಟಿಗಳ ಮೇಲೆ ಪ್ರೊಪೆಲ್ಲರನ್ನು ಕೂರಿಸಿ, ಅಡ್ಡಕ್ಕೂ ನೆಟ್ಟಗೂ ನಿಲ್ಲಿಸಿ ಯಾವ ಕಡೆ ವಾಲುತ್ತದೆ ಅಂತ ನೋಡುವುದು. ವಾಲದೇ ನಿಂತರೆ ಸರಿ.

ಹಾಗಾದರೆ ವಿಮಾನಕ್ಕೆ ಕೂರಿಸಿದ ಮೇಲೆ ಯಾಕೆ ಅದುರಬೇಕು? ಅಲ್ಲಿ ಪ್ರೊಪೆಲ್ಲರ್ ಒಂದೇ ತಿರುಗುವುದಿಲ್ಲ. ಮುಂದಿನ ಶಂಕುವಿನಾಕಾರದ ಸ್ಪಿನ್ನರ್, ಅದನ್ನು ಹಿಡಿದ ತಟ್ಟೆ, ಕ್ರ್ಯಾಂಕ್‌ಶಾಫ್ಟ್, ಸ್ಟಾರ್ಟರಿನ ಹಲ್ಲಿನ ಚಕ್ರ ಎಲ್ಲವೂ ಸೇರಿ ತಿರುಗುತ್ತವೆ. ನಡುವಿನಿಂದ 15 ಸೆಂಟಿಮೀಟರ್ ದೂರದಲ್ಲಿ ಬರೀ 10 ಗ್ರಾಂ ಜಾಸ್ತಿ ಇದ್ದರೆ ಸಾಕು. 2400 ಸುತ್ತಿನಲ್ಲಿ ಅದು ಸುಮಾರು ಒಂಬತ್ತೂವರೆ ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ. ಆ ಎಳೆತ ಸೆಕೆಂಡಿಗೆ 40 ಸಲ ಸುತ್ತು ಹಾಕುತ್ತದೆ. ಬೇರಿಂಗ್, ಎಕ್ಸಾಸ್ಟ್ ಪೈಪು, ಪ್ಯಾನಲ್ಲಿನ ಮೀಟರುಗಳು ಎಲ್ಲವೂ ಅದನ್ನು ತಾಳಿಕೊಳ್ಳಬೇಕು.

ಇದಕ್ಕೇ ಡೈನಾಮಿಕ್ ಬ್ಯಾಲೆನ್ಸಿಂಗ್, ಅಂದರೆ ಎಂಜಿನ್ ಮೇಲೆ ತಿರುಗಿಸಿಯೇ ಮಾಡುವ ಬ್ಯಾಲೆನ್ಸಿಂಗ್. ಕಾರಿನ ಚಕ್ರಕ್ಕೆ ಸೀಸದ ತುಂಡು ಅಂಟಿಸುತ್ತಾರಲ್ಲ, ಲೆಕ್ಕ ಹೆಚ್ಚುಕಡಿಮೆ ಅದೇ. ಎಂಜಿನ್ನಿನ ಮುಂಭಾಗಕ್ಕೆ ಕಂಪನ ಅಳೆಯುವ ಸೆನ್ಸರ್ ಕಟ್ಟುತ್ತಾರೆ. ಒಂದು ಬ್ಲೇಡಿನ ಹಿಂದೆ ಹೊಳೆಯುವ ಟೇಪು ಅಂಟಿಸುತ್ತಾರೆ, ಯಾವ ಕ್ಷಣದಲ್ಲಿ ಬ್ಲೇಡ್ ಎಲ್ಲಿತ್ತು ಅಂತ ತಿಳಿಯಲು. ವಿಮಾನವನ್ನು ಗಾಳಿಗೆ ಎದುರಾಗಿ ನಿಲ್ಲಿಸಿ, ಹಾರಾಟದಲ್ಲಿ ಇರುವಷ್ಟು ಸುತ್ತಿನಲ್ಲೇ ಎಂಜಿನ್ ಓಡಿಸಿ ಅಳೆಯುತ್ತಾರೆ. ಅಳತೆ ಐಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಇಂಚು ಅಂತ. ಆಮೇಲೆ ಗೊತ್ತಿರುವ ತೂಕವೊಂದನ್ನು ಗೊತ್ತಿರುವ ಜಾಗದಲ್ಲಿ ಹಾಕಿ ಮತ್ತೆ ಓಡಿಸುತ್ತಾರೆ. ಎರಡು ಅಳತೆಗಳ ವ್ಯತ್ಯಾಸದಿಂದ ಎಷ್ಟು ಗ್ರಾಂ, ಯಾವ ದಿಕ್ಕಿಗೆ ಬೇಕು ಅನ್ನುವುದು ಗೊತ್ತಾಗುತ್ತದೆ. ಸ್ಪಿನ್ನರ್ ತಟ್ಟೆಗೆ ಸ್ಕ್ರೂ ಹಾಕಿ ಅಷ್ಟು ವಾಷರ್ ಬಿಗಿಯುತ್ತಾರೆ. ಕಂಪನ 0.2 ಐಪಿಎಸ್‌ಗಿಂತ ಕೆಳಗೆ ಬಂದರೆ ನಡೆಯುತ್ತದೆ, 0.07ಕ್ಕೆ ಇಳಿಸಿದರೆ ಅಚ್ಚುಕಟ್ಟು ಕೆಲಸ.

ಒಂದು ಮಾತು ಒತ್ತಿ ಹೇಳಲೇಬೇಕು. ನಿನ್ನೆವರೆಗೆ ನುಣುಪಾಗಿ ಓಡುತ್ತಿದ್ದ ಎಂಜಿನ್ ಇವತ್ತು ಇದ್ದಕ್ಕಿದ್ದಂತೆ ಅದುರಿದರೆ ನೇರ ಬ್ಯಾಲೆನ್ಸಿಂಗ್‌ಗೆ ಹೋಗಬೇಡಿ. ಎಂಜಿನ್ ಹಿಡಿದ ರಬ್ಬರ್ ಸವೆದಿದೆಯಾ, ಸ್ಪಿನ್ನರ್ ಬಿರಿದಿದೆಯಾ, ಹಬ್ಬಿನಿಂದ ಗ್ರೀಸ್ ಸೋರಿದೆಯಾ ಮೊದಲು ನೋಡಿಸಿ. ಮೆಕಾಲಿಯ ಕೆಲವು ಹಬ್ಬುಗಳೊಳಗೆ ಕೆಂಪು ಬಣ್ಣದ ಎಣ್ಣೆ ತುಂಬಿರುವುದೇ ಬಿರುಕು ಬಿಟ್ಟರೆ ಹೊರಗೆ ಕಾಣಲಿ ಅಂತ. ವಾಷರ್ ಹಾಕಿದರೆ ನಡುಕ ನಿಲ್ಲಬಹುದು, ಬಿರುಕು ನಿಲ್ಲುವುದಿಲ್ಲ. ಎರಡು ಬ್ಲೇಡಿನ ಕೋನ ಬೇರೆ ಬೇರೆ ಇದ್ದಾಗಲೂ ಅದುರುತ್ತದೆ. ಅದೂ ತೂಕದಿಂದ ಸರಿಹೋಗುವಂಥದ್ದಲ್ಲ.

ಕೆಲಸ ಮುಗಿದ ಮೇಲೆ ಮೊದಲಿನ ಅಳತೆ, ಕೊನೆಯ ಅಳತೆ, ಎಷ್ಟು ಸುತ್ತಿನಲ್ಲಿ ಅಳೆದದ್ದು, ಎಷ್ಟು ತೂಕ ಎಲ್ಲಿ ಹಾಕಿದ್ದು ಎಲ್ಲವೂ ಲಾಗ್‌ಬುಕ್ಕಿಗೆ ಬರಬೇಕು. ಆ ತೂಕ ಆ ಪ್ರೊಪೆಲ್ಲರ್ ಆ ಎಂಜಿನ್ನಿನ ಮೇಲೆ ಹಾಗೇ ಕೂತಿರುವವರೆಗೆ ಮಾತ್ರ ಸರಿ. ಮುಂದಿನ ಓವರ್‌ಹಾಲ್ ಮುಗಿಸಿ ಪ್ರೊಪೆಲ್ಲರ್ ವಾಪಸ್ ಬಂದಾಗ ಹಳೆ ವಾಷರ್‌ಗಳನ್ನು ಬಿಚ್ಚಿಟ್ಟು ಮತ್ತೆ ಮೊದಲಿನಿಂದ ಅಳೆಯಬೇಕು.