ದೊಡ್ಡ ಅಂಗಳಕ್ಕೆ ಗಿಡ ನೆಡೋದು: ಮೊದಲು ಖಾಲಿ ಜಾಗ, ಆಮೇಲೆ ಗಿಡ

ತಿಪಟೂರು ಹತ್ತಿರ ಚಿಕ್ಕಪ್ಪ ಹೊಸ ಮನೆ ಕಟ್ಟಿಸಿದರು. ಮನೆ ಮುಂದೆ 60 ಅಡಿಗೆ 50 ಅಡಿ ಜಾಗ ಉಳಿಯಿತು. "ತೋಟಗಾರಿಕೆ ಓದ್ತಾ ಇದ್ದೀಯಲ್ಲ, ನೀನೇ ಪ್ಲ್ಯಾನ್ ಮಾಡು ಮಗ" ಅಂದರು. ನಾನು 14 ಮರಗಳ ಪಟ್ಟಿ ಹಿಡಿದು ಹೋದೆ. ಅವರು ಪಟ್ಟಿ ನೋಡಲೇ ಇಲ್ಲ. "ರಾಗಿ ಎಲ್ಲಿ ಒಣಗಿಸೋದು? ಮನೇಲಿ ಮದುವೆ ಆದ್ರೆ ಚಪ್ಪರ ಎಲ್ಲಿ ಹಾಕೋದು?" ಅಂತ ಕೇಳಿದರು.

ನನಗೆ ಪಾಠ ಶುರುವಾಗಿದ್ದೇ ಅಲ್ಲಿಂದ. ನಮ್ಮ ಕಡೆ ಅಂಗಳ ಅಂದರೆ ನೋಡೋಕೆ ಇರೋ ಜಾಗ ಅಲ್ಲ, ಕೆಲಸದ ಜಾಗ. ಆದ್ದರಿಂದ ಕಾಗದದ ಮೇಲೆ ಮೊದಲು ಖಾಲಿ ಬಿಡುವ ಜಾಗ ಬರೆಯಿರಿ. ರಂಗೋಲಿ ಹಾಕುವ ಜಾಗ, ಕಾರು ತಿರುಗುವ ಜಾಗ, ಗೇಟಿನಿಂದ ಬಾಗಿಲಿಗೆ ಜನ ನಿಜವಾಗಿ ನಡೆಯುವ ದಾರಿ. ಸಂಪು, ಬಚ್ಚಲ ಪೈಪು, ಮೇಲೆ ಹೋಗುವ ಕರೆಂಟ್ ತಂತಿ ಎಲ್ಲವನ್ನೂ ಗುರುತು ಮಾಡಿ. ಉಳಿದಿದ್ದು ಗಿಡದ ಪಾಲು.

ಮುಂದಿನದು ನೆರಳಿನ ಲೆಕ್ಕ. ಚಿಕ್ಕಪ್ಪನ ಮನೆ ಪಶ್ಚಿಮಕ್ಕೆ ಮುಖ ಮಾಡಿದೆ. ಬೇಸಿಗೆಯಲ್ಲಿ ಮಧ್ಯಾಹ್ನ 3ರ ಮೇಲೆ ಜಗಲಿ ಕಾದ ಹೆಂಚು. ಹಾಗಂತ ಮರವನ್ನು ಗೋಡೆಗೆ ಒತ್ತಿ ನೆಡಬೇಕಾಗಿಲ್ಲ. ಸಂಜೆ 4ಕ್ಕೆ ಬಿಸಿಲಲ್ಲಿ ನಿಂತು ನಿಮ್ಮ ನೆರಳು ಅಳೆದು ನೋಡಿ, ನಿಮಗಿಂತ ಉದ್ದ ಇರುತ್ತೆ. ಮರಕ್ಕೂ ಅದೇ ಲೆಕ್ಕ. 30 ಅಡಿ ಎತ್ತರದ ಹೊಂಗೆ 20 ಅಡಿ ದೂರದಲ್ಲಿದ್ದರೂ ಜಗಲಿಗೆ ನೆರಳು ಬರುತ್ತೆ, ಪಾಯಕ್ಕೆ ಬೇರಿನ ಕಾಟವೂ ಇರಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ನರ್ಸರಿಯಲ್ಲಿ ಸಸಿ ಛತ್ರಿಯಷ್ಟೂ ಅಗಲ ಇರಲ್ಲ, ಅದಕ್ಕೇ ಮೋಸ ಹೋಗೋದು. ಮರ ನಿಲ್ಲುವ ಕಡೆ ಗೂಟ ಹೊಡೆದು ಹಗ್ಗ ಕಟ್ಟಿ. ಹೊಂಗೆಗೆ 13 ಅಡಿ ಹಗ್ಗ, ಕಕ್ಕೆಗೆ 10, ಪಾರಿಜಾತಕ್ಕೆ 6. ಹಗ್ಗದ ತುದಿ ಹಿಡಿದು ಸುತ್ತು ಹೊಡೆಯುತ್ತಾ ರಂಗೋಲಿ ಪುಡಿ ಉದುರಿಸಿ. ಬೆಳೆದ ಮರದ ಹರವು ನೆಲದ ಮೇಲೆ ಕಾಣುತ್ತೆ. ನಾನು 14 ಸುತ್ತು ಹಾಕಲು ಹೋಗಿ ಆರನೆಯದಕ್ಕೇ ನಿಲ್ಲಿಸಿದೆ. ಒಂದರ ಮೇಲೊಂದು ಹತ್ತಿ ಕೂತಿದ್ದವು, ಕಾರು ತಿರುಗಲು ಜಾಗವೇ ಇರಲಿಲ್ಲ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಕೊನೆಗೆ ಉಳಿದಿದ್ದು ನಾಲ್ಕು: ಹೊಂಗೆ, ಕಕ್ಕೆ, ಸಂಪಿಗೆ, ಪಾರಿಜಾತ.

ಆ ನಾಲ್ಕೇ ಯಾಕೆ? ಬೆಂಗಳೂರಲ್ಲಿ ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುತ್ತೆ ಅಲ್ವಾ? ಅದು ಸುಮ್ನೆ ಆಗಿದ್ದಲ್ಲ. 1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತ ಜರ್ಮನಿಯ ಜಿ.ಎಚ್. ಕೃಂಬಿಗಲ್ ಹೂ ಬಿಡುವ ಕಾಲ ನೋಡಿ ಮರ ಆರಿಸಿದರು. ಅಂಗಳಕ್ಕೂ ಅದೇ ಲೆಕ್ಕ ಹಾಕಬಹುದು. ಯುಗಾದಿ ಹೊತ್ತಿಗೆ ಹೊಂಗೆ ಚಿಗುರಿ ಹೂ ಬಿಡುತ್ತೆ. ಏಪ್ರಿಲ್, ಮೇನಲ್ಲಿ ಕಕ್ಕೆ. ನವರಾತ್ರಿಗೆ ಪಾರಿಜಾತ. ಸಂಪಿಗೆ ಚಿಕ್ಕಮ್ಮನ ಹಟ, ಅದಕ್ಕೆ ಲೆಕ್ಕ ಇಲ್ಲ. ಗುಲ್‌ಮೊಹರ್ ಮಾತ್ರ ನಾನೇ ಬೇಡ ಅಂದೆ. ಬೇರು ಆಳಕ್ಕೆ ಇಳಿಯಲ್ಲ, ಕೊಂಬೆ ಪೆಡಸು. ಗಾಳಿಮಳೆಗೆ ಉರುಳೋದು ಜಾಸ್ತಿ.

ಹುಲ್ಲುಹಾಸು ಬೇಕಾ? ಅರ್ಧ ಅಂಗಳ, ಅಂದರೆ 1,500 ಚದರ ಅಡಿ, ಸುಮಾರು 140 ಚದರ ಮೀಟರ್. ಕಡು ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಅಂತ ಹಿಡಿದರೂ 700 ಲೀಟರ್. 200 ಲೀಟರಿನ ಡ್ರಮ್ಮು ಮೂರೂವರೆ, ದಿನಾ! ಬಯಲುಸೀಮೆಯ ಬೋರ್‌ವೆಲ್ ನಂಬಿಕೊಂಡು ಇದು ಬೇಡ ಅನ್ನೋದು ನನ್ನ ಅಭಿಪ್ರಾಯ. ಜಗಲಿ ಮುಂದೆ ಒಂದು ಚಾಪೆಯಷ್ಟು ಗರಿಕೆ ಸಾಕು, ಗಣಪತಿಗೂ ಆಯಿತು. ನಲ್ಲಿ ಪಕ್ಕದ ಹಸಿ ಜಾಗದಲ್ಲಿ ಒಂದೆಲಗ ತಾನೇ ಹಬ್ಬುತ್ತೆ. ಪಾತ್ರೆ ತೊಳೆದ ನೀರು ಹೋಗುವ ಕಡೆ ಬಾಳೆ, ಕೆಸು. ಕಾಂಪೌಂಡ್ ಉದ್ದಕ್ಕೂ ನಾಲ್ಕು ಅಡಿಗೊಂದು ದಾಸವಾಳ. ಕಣಗಿಲೆ ವಿಷ, ದನ, ಮಕ್ಕಳು ಓಡಾಡುವ ಕಡೆ ಬೇಡ.

ಮಣ್ಣಿನ ವಿಷಯಕ್ಕೆ ಬಂದರೆ, ಹೊಸ ಮನೆಯ ಅಂಗಳದಲ್ಲಿ ಮೇಲೆ ಕೆಂಪು ಮಣ್ಣು, ಅರ್ಧ ಅಡಿ ಕೆಳಗೆ ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು. ಮೊದಲು ಅದನ್ನು ಆರಿಸಿ ತೆಗೆಯಬೇಕು. ಆಮೇಲೆ ಒಂದೂವರೆ ಅಡಿ ಗುಂಡಿ ತೋಡಿ, ಸಂಜೆ ನೀರು ತುಂಬಿಸಿ. ಬೆಳಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ಸಂಪಿಗೆ ಬೇಡ, ಬೇರು ಕೊಳೆಯುತ್ತೆ.

ಏಪ್ರಿಲ್‌ನಲ್ಲೇ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲಿನ ಒಂದು ಅಡಿ ಮಣ್ಣನ್ನು ಬೇರೆ ರಾಶಿ ಹಾಕಿ. ಅದಕ್ಕೆ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಜೂನ್‌ನಲ್ಲಿ ಎರಡು ಮೂರು ಹದ ಮಳೆ ಬಿದ್ದ ಮೇಲೆ ಸಸಿ ನೆಡಿ. ಕವರ್ ಹರಿದಾಗ ಬೇರು ಸಿಂಬಿಯ ಹಾಗೆ ಸುತ್ತಿಕೊಂಡಿದ್ದರೆ ಕೈಯಲ್ಲೇ ಬಿಡಿಸಿ. ಹಾಗೇ ನೆಟ್ಟರೆ ಬೇರು ಅಲ್ಲೇ ಸುತ್ತುತ್ತಾ ಇರುತ್ತೆ. ಕವರಿನಲ್ಲಿ ಮಣ್ಣು ಎಲ್ಲಿವರೆಗೆ ಇತ್ತೋ ನೆಲದಲ್ಲೂ ಅಲ್ಲಿವರೆಗೇ ಇರಲಿ.

ಬುಡಕ್ಕೆ ಹೊದಿಸಲು ತಿಪಟೂರು ಕಡೆ ತೆಂಗಿನ ಸಿಪ್ಪೆಗೆ ಬರವಿಲ್ಲ. ಕಾಂಡದಿಂದ ಒಂದು ಗೇಣು ಬಿಟ್ಟು ಹರಡಿ. ನಾನು ಮೊದಲ ಸಲ ಒತ್ತಿ ಹಾಕಿದ್ದೆ, ಕಕ್ಕೆಗೆ ಗೆದ್ದಲು ಹತ್ತಿತು.